ನೆಟ್‌ವರ್ಕ್ ದೂರನ್ನು ಜಾಲತಾಣದಲ್ಲಿ ಹಂಚಿಕೊಂಡರೆ ಸಾಕೇ? ಪೆರ್ಲದ ಓದುಗರೊಬ್ಬರ ಪ್ರಶ್ನೆಗೆ ಉತ್ತರ

ಪ್ರಶ್ನೆ: ನಮ್ಮ ಮನೆ ಕೇರಳದ ಕಾಸರಗೋಡು ಜಿಲ್ಲೆಯ ಎಣ್ಮಕಜೆ ಪಂಚಾಯತಿನಲ್ಲಿ, ಪೆರ್ಲ ಪೇಟೆಯಿಂದ ಒಳಗೆ, ಗುಡ್ಡೆಯ ಬುಡದ ಅಡಿಕೆ ತೋಟದ ಪಕ್ಕದಲ್ಲಿದೆ. ಮನೆಯಲ್ಲಿ ಎರಡು ಸಿಮ್‌ಗಳಿವೆ. ಒಂದು ಇಲ್ಲಿಯೇ ತೆಗೆದದ್ದು, ಇನ್ನೊಂದು ಮಗಳು ಮಂಗಳೂರಿನಲ್ಲಿ ಓದುತ್ತಿದ್ದಾಗ ತೆಗೆದದ್ದು. ಮಳೆಗಾಲ ಶುರುವಾದ ಮೇಲೆ ಇಲ್ಲಿಯ ಸಿಮ್‌ನಲ್ಲಿ ಕರೆ ಅರ್ಧದಲ್ಲಿ ಕಡಿದುಹೋಗುತ್ತದೆ. ಕರೆಂಟು ಹೋದರೆ ಸ್ವಲ್ಪ ಹೊತ್ತಿನಲ್ಲೇ ರೇಂಜ್ ಪೂರ್ತಿ ಮಾಯವಾಗುತ್ತದೆ. ಬ್ಯಾಂಕಿನ ಒಟಿಪಿಗಾಗಿ ಗುಡ್ಡೆ ಹತ್ತಿದರೆ, ಮೇಲೆ ತಲಪುವಷ್ಟರಲ್ಲಿ ಅದರ ಅವಧಿ ಮುಗಿದಿರುತ್ತದೆ. ಫೇಸ್‌ಬುಕ್‌ನಲ್ಲಿ ಕಂಪನಿಯ ಹೆಸರು ಹಾಕಿ ಬರೆದೆ, ಊರಿನ ತುಂಬಾ ಜನ ‘ನಮ್ಮಲ್ಲೂ ಹೀಗೆಯೇ’ ಎಂದು ಬರೆದರು. ಕಂಪನಿಯವರು ನಂಬರು ಕೇಳಿದರು, ಕೊಟ್ಟೆ. ಕೆಲವು ದಿನಗಳ ಬಳಿಕ ‘ನಿಮ್ಮ ದೂರನ್ನು ಬಗೆಹರಿಸಲಾಗಿದೆ’ ಎಂಬ ಸಂದೇಶ ಬಂತು, ಅದಕ್ಕೆ ಮೂರು ವಾರವಾಯಿತು. ಸ್ಥಿತಿ ಹಾಗೆಯೇ ಇದೆ. ನೇರವಾಗಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ಗೆ ಬರೆಯಿರಿ ಎಂದು ಒಬ್ಬರು, ಮಂಗಳೂರಿನಿಂದ ಸಿಗ್ನಲ್ ಹೆಚ್ಚಿಸುವ ಬೂಸ್ಟರ್ ತಂದು ಹಾಕಿ ಎಂದು ಇನ್ನೊಬ್ಬರು, ಹೀಗೆ ಬರೆದರೆ ಕಂಪನಿ ಕೇಸು ಹಾಕುತ್ತದೆ ಎಂದು ಮತ್ತೊಬ್ಬರು ಹೇಳುತ್ತಾರೆ. ಹತ್ತಿರದಲ್ಲಿ ಹೊಸ ಟವರ್ ಬರುವುದಕ್ಕೆ ವಿಕಿರಣದ ಹೆದರಿಕೆಯಿಂದ ಕೆಲವರ ವಿರೋಧವೂ ಇದೆ. ಆನ್‌ಲೈನ್‌ನಲ್ಲಿ ಬರೆಯುವುದರಿಂದ ಪ್ರಯೋಜನವಿದೆಯೇ? ನಾನು ಮಾಡಬೇಕಾದದ್ದೇನು?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ವಿಷಯಗಳು ಒಂದರೊಳಗೊಂದು ಸೇರಿಕೊಂಡಿವೆ. ನಿಮ್ಮ ಮನೆಯಲ್ಲಿ ರೇಂಜ್ ಏಕೆ ನಿಲ್ಲುವುದಿಲ್ಲ ಎಂಬುದು ಒಂದು, ಅದನ್ನು ಸರಿಪಡಿಸಬೇಕಾದವರ ಕಿವಿಗೆ ಅದು ಏಕೆ ಬೀಳುತ್ತಿಲ್ಲ ಎಂಬುದು ಇನ್ನೊಂದು. ಮೊಬೈಲ್ ಜಾಲಗಳ ನಿರ್ವಹಣೆಯಲ್ಲಿ ವೃತ್ತಿಜೀವನ ಕಳೆದ ಎಂಜಿನಿಯರ್ ಆಗಿ ನಾನು ಮೊದಲೇ ಹೇಳಬಯಸುವುದು ಇಷ್ಟು: ನೆಟ್‌ವರ್ಕ್ ದೋಷವೆಂಬುದು ಒಬ್ಬ ಗ್ರಾಹಕರ ದೋಷವಲ್ಲ, ಒಂದು ಜಾಗದ ದೋಷ. ಯಾವ ಜಾಗ, ಯಾವ ಹೊತ್ತು, ಯಾವ ರೀತಿ ಎಂಬುದಿಲ್ಲದ ದೂರು ಎಷ್ಟು ಜನರ ಬೆಂಬಲ ಪಡೆದರೂ ಟವರ್ ನೋಡಿಕೊಳ್ಳುವವರ ಮೇಜಿಗೆ ತಲಪುವುದಿಲ್ಲ. ಅವು ಮೂರೂ ಇದ್ದ ದೂರನ್ನು ತಳ್ಳಿಹಾಕುವುದು ಕಷ್ಟ.

ಸಾಮಾಜಿಕ ಜಾಲತಾಣದಲ್ಲಿ ನಿಮಗೆ ಉತ್ತರ ಕೊಟ್ಟವರು ಹೆಚ್ಚಿನ ಕಂಪನಿಗಳಲ್ಲಿ ಗ್ರಾಹಕ ಸೇವೆಯ ಒಂದು ತಂಡ. ಅವರಿಗೆ ಟವರ್‌ನ ಮೇಲೆ ಅಧಿಕಾರವಿಲ್ಲ. ಅವರು ನಿಮ್ಮ ನಂಬರಿನ ಮೇಲೆ ಒಂದು ದೂರು ತೆರೆಯುತ್ತಾರೆ. ಅದು ತಾಂತ್ರಿಕ ವಿಭಾಗಕ್ಕೆ ಹೋಗುತ್ತದೆ. ಅಲ್ಲಿ ಯಾರೋ ಒಬ್ಬರು ಹಗಲು ಹನ್ನೊಂದು ಗಂಟೆಗೆ ನಿಮ್ಮ ಹತ್ತಿರದ ಟವರ್ ಚಾಲನೆಯಲ್ಲಿದೆಯೇ ಎಂದು ಪರದೆಯಲ್ಲಿ ನೋಡುತ್ತಾರೆ. ಆ ಹೊತ್ತಿಗೆ ಕರೆಂಟು ಇರುತ್ತದೆ, ಟವರ್ ಹಸಿರು ತೋರಿಸುತ್ತದೆ, ದೂರು ಮುಚ್ಚಿಹೋಗುತ್ತದೆ. ‘ಕರೆಂಟು ಹೋಗಿ ಸ್ವಲ್ಪ ಹೊತ್ತಿಗೆ’ ಎಂಬ ನಿಮ್ಮ ಮಾತು ಆ ದೂರಿನಲ್ಲಿ ದಾಖಲಾಗಿದ್ದರೆ ಅವರು ನೋಡಬೇಕಾಗಿದ್ದದ್ದು ಬ್ಯಾಟರಿಯನ್ನು. ನಿಮ್ಮ ಪೋಸ್ಟಿನ ಕೆಳಗೆ ‘ನಮ್ಮಲ್ಲೂ ಹೀಗೆಯೇ’ ಎಂದು ಬರೆದವರಲ್ಲಿ ಒಬ್ಬರೂ ಬೇರೆಯಾಗಿ ದೂರು ಕೊಡದಿದ್ದರೆ, ಕಂಪನಿಯ ಲೆಕ್ಕದಲ್ಲಿ ಇಡೀ ಊರಿನ ತೊಂದರೆ ಒಂದೇ ದೂರು, ಅದೂ ಬಗೆಹರಿದ ದೂರು.

ಆದ್ದರಿಂದ ಮೊದಲು ತೊಂದರೆಯ ಸ್ವರೂಪವನ್ನು ನೀವೇ ಗುರುತಿಸಿಕೊಳ್ಳಬೇಕು. ಸಿಗ್ನಲ್ ಕಡ್ಡಿಗಳನ್ನು ನಂಬಬೇಡಿ, ಏಕೆಂದರೆ ಎಷ್ಟು ಸಂಕೇತಕ್ಕೆ ಎಷ್ಟು ಕಡ್ಡಿ ಎಂಬುದನ್ನು ಫೋನು ತಯಾರಿಸಿದವರು ತಮಗೆ ಬೇಕಾದಂತೆ ನಿಗದಿಮಾಡಿರುತ್ತಾರೆ. ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ‘ಅಬೌಟ್ ಫೋನ್’, ಅದರೊಳಗೆ ‘ಸಿಮ್ ಸ್ಟೇಟಸ್’ ತೆರೆದರೆ ಸಂಕೇತದ ಬಲ ಡಿಬಿಎಂ ಲೆಕ್ಕದಲ್ಲಿ ಕಾಣುತ್ತದೆ. ಅದು ಋಣ ಸಂಖ್ಯೆ. ಮೈನಸ್ 80ರ ಆಸುಪಾಸು ಇದ್ದರೆ ಚೆನ್ನಾಗಿದೆ, ಮೈನಸ್ 110 ದಾಟಿ ಕೆಳಗಿಳಿದರೆ 4ಜಿಯಲ್ಲಿ ಕರೆ ಕಡಿಯತೊಡಗುತ್ತದೆ, ಮೈನಸ್ 120ರ ಹತ್ತಿರ ಕರೆ ಹೋಗುವುದೇ ಸಂಶಯ. ಜಗಲಿಯಲ್ಲಿ, ಅಡಿಗೆಮನೆಯಲ್ಲಿ, ಅಂಗಳದಲ್ಲಿ, ತಾರಸಿಯಲ್ಲಿ ನಿಂತು ಒಂದೊಂದು ಅಳತೆ ಬರೆದಿಡಿ. ಅಂಗಳದಲ್ಲಿ ಮೈನಸ್ 95 ಇದ್ದು ಒಳಗೆ ಮೈನಸ್ 115 ಇದ್ದರೆ ತೊಂದರೆ ಮುಖ್ಯವಾಗಿ ಮನೆಯ ಗೋಡೆ ಮತ್ತು ಮಾಡಿನದು. ನಮ್ಮ ಕಡೆಯ ಮುರಕಲ್ಲಿನ ದಪ್ಪ ಗೋಡೆ ಸಂಕೇತವನ್ನು ಗಣನೀಯವಾಗಿ ತಗ್ಗಿಸುತ್ತದೆ, ಕಾಂಕ್ರೀಟ್ ಇನ್ನೂ ಹೆಚ್ಚು. ಮಳೆಯಿಂದ ತಾರಸಿಯನ್ನು ಕಾಪಾಡಲು ಮೇಲೆ ಹಾಕಿಸುವ ತಗಡಿನ ಶೀಟಂತೂ ಗುಡ್ಡೆಯ ಮೇಲಿನ ಟವರ್‌ನಿಂದ ಇಳಿದುಬರುವ ಸಂಕೇತವನ್ನು ಬಹುಪಾಲು ತಡೆದುಬಿಡುತ್ತದೆ. ಶೀಟು ಹಾಕಿದ ಮೇಲೆ ರೇಂಜ್ ಹೋಯಿತು ಎಂಬುದನ್ನು ಎಷ್ಟೋ ಮನೆಗಳಲ್ಲಿ ಯಾರೂ ಜೋಡಿಸಿ ನೋಡಿರುವುದಿಲ್ಲ.

ಅಂಗಳದಲ್ಲೂ ಸಂಕೇತ ದುರ್ಬಲವಾಗಿದ್ದರೆ ಅದು ವ್ಯಾಪ್ತಿಯ ಕೊರತೆ. ಗುಡ್ಡೆ ಅಡ್ಡ ನಿಂತಿದೆ ಅಥವಾ ಟವರ್ ದೂರವಿದೆ. ಇಲ್ಲಿ ತರಂಗದ ಆವರ್ತನವೂ ಮುಖ್ಯ. 700, 800, 900 ಮೆಗಾಹರ್ಟ್ಸ್‌ನ ತರಂಗಗಳು ದೂರ ಸಾಗುತ್ತವೆ, ಗುಡ್ಡೆಯ ಅಂಚಿನಲ್ಲಿ ಸ್ವಲ್ಪ ಬಾಗಿ ಕಣಿವೆಗೂ ಇಳಿಯುತ್ತವೆ. 2300 ಮೆಗಾಹರ್ಟ್ಸ್‌ನವು, 5ಜಿಗೆ ಬಳಸುವ 3300ರ ಸಾಲಿನವು ಬೇಗ ಕ್ಷೀಣಿಸುತ್ತವೆ. ಮೇಲೆ 5ಜಿ ಎಂದು ತೋರಿಸುತ್ತಾ ಏನೂ ತೆರೆಯದ ಫೋನಿನಲ್ಲಿ ನೆಟ್‌ವರ್ಕ್ ಆಯ್ಕೆಯನ್ನು 4ಜಿಗೆ ಬದಲಿಸಿದರೆ ಅನೇಕ ಸಲ ತಕ್ಷಣ ಸುಧಾರಿಸುವುದು ಇದಕ್ಕೇ. ಮಳೆಯ ಹನಿಗಳು ಈ ತರಂಗಗಳನ್ನು ತಡೆಯುವುದು ಅತ್ಯಲ್ಪ. ಮಳೆಗಾಲದ ತೊಂದರೆಯ ಮೂಲ ಬೇರೆಡೆ ಇದೆ. ಒದ್ದೆಯಾದ ದಟ್ಟ ಎಲೆಗಳು ಸಂಕೇತವನ್ನು ಹೀರುವುದುಂಟು, ತೋಟದ ಮಧ್ಯದ ಮನೆಗಳಿಗೆ ಇದರ ಅನುಭವವಿದೆ. ಅದಕ್ಕಿಂತ ದೊಡ್ಡ ಕಾರಣ ಕರೆಂಟು. ಟವರ್‌ನ ಬ್ಯಾಟರಿ ಹಳೆಯದಾಗಿದ್ದರೆ, ಡೀಸೆಲ್ ಜನರೇಟರ್ ಇಲ್ಲದಿದ್ದರೆ ಅಥವಾ ಅದಕ್ಕೆ ಎಣ್ಣೆ ಹಾಕುವವರು ಬಾರದಿದ್ದರೆ, ಕರೆಂಟು ಹೋದ ಸ್ವಲ್ಪ ಹೊತ್ತಿಗೆ ಟವರ್ ನಿಲ್ಲುತ್ತದೆ. ನೀವು ಬರೆದ ಲಕ್ಷಣ ಇದಕ್ಕೆ ತಾಳೆಯಾಗುತ್ತದೆ, ಮತ್ತು ಹೊಸ ಟವರ್ ಬೇಕಾಗದೆ ಸರಿಪಡಿಸಬಹುದಾದ ದೋಷ ಇದು ಎಂಬುದರಿಂದ ಇದನ್ನೇ ಎದುರಿಗಿಡಿ.

ಮೂರನೆಯ ಬಗೆಯೂ ಇದೆ: ಕಡ್ಡಿಗಳು ತುಂಬಿವೆ, ಡಿಬಿಎಂ ಚೆನ್ನಾಗಿದೆ, ಆದರೂ ಡೇಟಾ ಓಡುವುದಿಲ್ಲ. ಸಂಜೆ ಏಳರಿಂದ ಹತ್ತರ ವರೆಗೆ ಮಾತ್ರ ಹೀಗಾದರೆ ಟವರ್‌ನ ಮೇಲೆ ಭಾರ ಹೆಚ್ಚಾಗಿದೆ. ಇಡೀ ದಿನ ಹೀಗಾದರೆ ಟವರ್‌ನಿಂದ ಮುಂದೆ ಹೋಗುವ ಫೈಬರ್ ಕೇಬಲ್ ಎಲ್ಲೋ ತುಂಡಾಗಿರಬಹುದು. ರಸ್ತೆ ಅಗಲಿಸುವ ಕೆಲಸ ನಡೆಯುವಲ್ಲಿ ಇದು ಸಾಮಾನ್ಯ.

ನಮ್ಮ ಕೇರಳ-ಕರ್ನಾಟಕ ಗಡಿಯ ವಿಚಾರವನ್ನು ಪ್ರತ್ಯೇಕವಾಗಿ ಹೇಳಬೇಕು. ದೂರಸಂಪರ್ಕದ ಲೆಕ್ಕದಲ್ಲಿ ದೇಶವನ್ನು 22 ಸೇವಾ ವಲಯಗಳಾಗಿ ವಿಂಗಡಿಸಲಾಗಿದೆ; ತರಂಗಾಂತರವನ್ನು ವಲಯವಾರು ಹರಾಜು ಹಾಕುವುದರಿಂದ ಒಂದೇ ಕಂಪನಿಯ ಬಳಿ ಕೇರಳದಲ್ಲಿರುವ ಆವರ್ತನಗಳು ಕರ್ನಾಟಕದಲ್ಲಿ ಇರಲೇಬೇಕೆಂದಿಲ್ಲ. ಗಡಿಯ ಟವರ್‌ಗಳು ಪಕ್ಕದ ವಲಯಕ್ಕೆ ಅಡಚಣೆಯಾಗದಂತೆ ತಮ್ಮ ಸಂಕೇತವನ್ನು ತಗ್ಗಿಸಿಕೊಂಡೋ ತಿರುಗಿಸಿಕೊಂಡೋ ಇರಬೇಕಾಗುತ್ತದೆ. ಪೆರ್ಲದಿಂದ ಅಡ್ಕಸ್ಥಳ ದಾಟಿ ಸಾರಡ್ಕದ ಕಡೆಗೆ ಬಸ್ಸಿನಲ್ಲಿ ಹೋಗುವಾಗ, ತಲಪಾಡಿ ದಾಟುವಾಗ ಕರೆ ಕಡಿದು ಫೋನಿನಲ್ಲಿ ರೋಮಿಂಗ್ ಗುರುತು ಬೀಳುವುದನ್ನು ಇಲ್ಲಿಯವರೆಲ್ಲ ಕಂಡಿದ್ದೇವೆ. ಒಂದು ವಲಯದ ಜಾಲ ಇನ್ನೊಂದಕ್ಕೆ ನಡೆಯುತ್ತಿರುವ ಕರೆಯನ್ನು ದಾಟಿಸುವ ವ್ಯವಸ್ಥೆ ಎಲ್ಲೆಡೆ ಇಲ್ಲ. ನಿಮ್ಮ ಮಗಳ ಮಂಗಳೂರಿನ ಸಿಮ್ ಮನೆಯಲ್ಲಿ ರೋಮಿಂಗ್‌ನಲ್ಲೇ ಇರುತ್ತದೆ. ಅದರ ದೂರು ಕರ್ನಾಟಕ ವಲಯದಲ್ಲಿ ದಾಖಲಾಗುತ್ತದೆ, ದೋಷವಿರುವ ಟವರ್ ಕೇರಳ ವಲಯದ್ದು. ಆದ್ದರಿಂದ ದೂರನ್ನು ಇಲ್ಲಿಯ ಸಿಮ್‌ನಿಂದಲೇ ಕೊಡಿ.

ಗುಣಮಟ್ಟದ ಅಂಕಿಅಂಶ ನಮ್ಮ ಅನುಭವಕ್ಕೆ ಹೊಂದದಿರುವುದಕ್ಕೂ ಈ ವಲಯದ ಲೆಕ್ಕವೇ ಕಾರಣ. ಕಡಿದುಹೋಗುವ ಕರೆಗಳು ನೂರಕ್ಕೆ 2ನ್ನು ಮೀರಬಾರದೆಂಬ ಮಾನದಂಡವಿದೆ. ಆದರೆ ಮಂಜೇಶ್ವರದಿಂದ ಪಾರಶ್ಶಾಲೆಯ ವರೆಗಿನ ಕೇರಳ, ಜೊತೆಗೆ ಮಾಹೆ ಮತ್ತು ಲಕ್ಷದ್ವೀಪ ಸೇರಿದ ವಲಯದ ಸರಾಸರಿಯಲ್ಲಿ ಎಣ್ಮಕಜೆಯ ಒಂದು ಕಣಿವೆ ಕಾಣಿಸುವುದೇ ಇಲ್ಲ. ಅದು ಕಾಣಿಸಬೇಕಾದರೆ ಕಣಿವೆಯವರೇ ಕಾಣಿಸಬೇಕು.

ಇನ್ನು ನಿಮಗೆ ಬಂದ ಸಲಹೆಗಳನ್ನು ನೋಡೋಣ. ಟ್ರಾಯ್ ನಿಯಮ ಮಾಡುವ, ದರ ಮತ್ತು ಗುಣಮಟ್ಟ ನಿಯಂತ್ರಿಸುವ ಸಂಸ್ಥೆ. 1997ರ ಕಾಯಿದೆಯಡಿ ಅದಕ್ಕೆ ಒಬ್ಬೊಬ್ಬ ಗ್ರಾಹಕರ ದೂರನ್ನು ವಿಚಾರಣೆಮಾಡುವ ಅಧಿಕಾರವಿಲ್ಲ, ಬಂದ ಪತ್ರವನ್ನು ಕಂಪನಿಗೆ ದಾಟಿಸುತ್ತದೆ ಅಷ್ಟೆ. ಕರೆ ಕಡಿದರೆ ಒಂದು ರೂಪಾಯಿ ಪರಿಹಾರವೆಂಬ ಮಾತೂ ಇನ್ನೂ ಓಡಾಡುತ್ತಿದೆ. ಟ್ರಾಯ್ ಅಂಥ ನಿಯಮ ತಂದದ್ದು ನಿಜ, 2016ರ ಜನವರಿ 1ರಿಂದ ಜಾರಿಯಾಗಬೇಕಿತ್ತು. ಅದೇ ವರ್ಷ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಅದನ್ನು ರದ್ದುಗೊಳಿಸಿತು. 2024ರ ಗುಣಮಟ್ಟ ನಿಯಮಗಳಲ್ಲಿ ಬಂದಿರುವ ಪರಿಹಾರ ಬೇರೆ: ಜಿಲ್ಲಾ ಮಟ್ಟದಲ್ಲಿ ಸೇವೆ 24 ಗಂಟೆಗಿಂತ ಹೆಚ್ಚು ಸ್ಥಗಿತಗೊಂಡರೆ ಪೋಸ್ಟ್‌ಪೇಯ್ಡ್‌ನವರಿಗೆ ಬಾಡಿಗೆಯಲ್ಲಿ ಕಡಿತ, ಪ್ರೀಪೇಯ್ಡ್‌ನವರಿಗೆ ವ್ಯಾಲಿಡಿಟಿ ವಿಸ್ತರಣೆ ಸಿಗಬೇಕು. ಒಂದು ಗ್ರಾಮದ ಒಂದು ಟವರ್ ನಿಂತರೆ ಅದು ಅನ್ವಯಿಸುವುದಿಲ್ಲ. ಈ ನಿಯಮ ನಮ್ಮಂಥ ಒಳನಾಡಿನವರನ್ನು ಹೊರಗಿಟ್ಟಿದೆ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಬೂಸ್ಟರ್ ಹಾಕಿಸಬೇಡಿ. ಅಂಗಡಿಯಲ್ಲಿ ಮಾರುತ್ತಾರೆಂಬ ಕಾರಣಕ್ಕೆ ಅದು ಕಾನೂನುಬದ್ಧವಾಗುವುದಿಲ್ಲ. ಪರವಾನಗಿಯುಳ್ಳ ಕಂಪನಿಗಳ ಹೊರತು ಖಾಸಗಿಯವರು ಇಂಥ ಬೂಸ್ಟರ್ ಅಥವಾ ರಿಪೀಟರ್ ಅಳವಡಿಸುವುದು ಅಪರಾಧ. ಅದಕ್ಕಿಂತ ಮುಖ್ಯವಾಗಿ, ಅಗ್ಗದ ಬೂಸ್ಟರ್ ಟವರ್‌ನ ಕಡೆಗೆ ಬೇಡದ ಗದ್ದಲದ ಸಂಕೇತವನ್ನೂ ವರ್ಧಿಸಿ ಕಳುಹಿಸುತ್ತದೆ. ಒಂದು ಮನೆಯವರ ಕಡ್ಡಿಗಳು ತುಂಬುತ್ತವೆ, ಅದೇ ಟವರ್‌ನ ಉಳಿದ ಮನೆಗಳ ಕರೆಗಳು ಹಾಳಾಗುತ್ತವೆ. ಕಾರಣ ಗೊತ್ತಾಗದ ದೂರುಗಳ ಬೆನ್ನುಹತ್ತಿ ಹೋದಾಗ ಕೊನೆಗೆ ಯಾರದೋ ಮಹಡಿಯ ಮೇಲಿನ ಆಂಟೆನಾ ಸಿಕ್ಕಿದ್ದನ್ನು ನಾನು ನೋಡಿದ್ದೇನೆ.

ವಿಕಿರಣದ ಹೆದರಿಕೆಯನ್ನು ಅಜ್ಞಾನವೆಂದು ಹಗುರವಾಗಿ ತಳ್ಳಿಹಾಕುವವರಲ್ಲಿ ನಾನಿಲ್ಲ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದಾಗ ‘ಏನೂ ಆಗುವುದಿಲ್ಲ’ ಎಂದು ಕೇಳಿಸಿಕೊಂಡ ಊರು ಎಣ್ಮಕಜೆ. ಅದರ ಫಲವನ್ನು ಮನೆಮನೆಯಲ್ಲಿ ಉಂಡವರು ಇನ್ನೊಂದು ಆಶ್ವಾಸನೆಯನ್ನು ಸುಲಭವಾಗಿ ನಂಬಬೇಕಾಗಿಲ್ಲ. ಆದರೆ ಈ ಎರಡು ವಿಷಯಗಳ ಸ್ವರೂಪ ಬೇರೆ. ಟವರ್‌ನಿಂದ ಬರುವುದು ದೇಹದಲ್ಲಿ ಉಳಿದು ಕೂಡಿಕೊಳ್ಳುವ ವಿಷವಲ್ಲ, ಅಯಾನೀಕರಿಸದ, ಅಂದರೆ ಪರಮಾಣುವಿನಿಂದ ಎಲೆಕ್ಟ್ರಾನನ್ನು ಕಿತ್ತುಹಾಕುವಷ್ಟು ಶಕ್ತಿಯಿಲ್ಲದ ರೇಡಿಯೋ ತರಂಗ; ದೂರ ಹೆಚ್ಚಿದಂತೆ ಅದರ ತೀವ್ರತೆ ವೇಗವಾಗಿ ಇಳಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಘಟಕವು 2011ರಲ್ಲಿ ರೇಡಿಯೋ ತರಂಗಗಳನ್ನು ‘ಬಹುಶಃ ಕ್ಯಾನ್ಸರ್ ತರಬಹುದು’ ಎಂಬ ದುರ್ಬಲ ಪುರಾವೆಯ 2ಬಿ ಗುಂಪಿನಲ್ಲಿ ಇರಿಸಿದೆ; ಭಾರತದಲ್ಲಿ 2012ರ ಸೆಪ್ಟೆಂಬರಿನಿಂದ ಜಾರಿಯಲ್ಲಿರುವ ಮಿತಿ ಅಂತರರಾಷ್ಟ್ರೀಯ ಮಿತಿಯ ಹತ್ತನೆಯ ಒಂದು ಭಾಗ. ನಂಬಿಕೆ ಸಾಲದಿದ್ದರೆ ಅಳತೆಯನ್ನೇ ಕೇಳಬಹುದು: ದೂರಸಂಪರ್ಕ ಇಲಾಖೆಯ ‘ತರಂಗ ಸಂಚಾರ’ ಪೋರ್ಟಲಿನಲ್ಲಿ ಶುಲ್ಕ ಕಟ್ಟಿದರೆ ನಿಮ್ಮ ಜಾಗದಲ್ಲಿ ವಿಕಿರಣವನ್ನು ಅಳೆದು ಕೊಡುತ್ತಾರೆ. ಇನ್ನೊಂದು ಮಾತು ನೆರೆಯವರಿಗೆ ತಿಳಿಸಿ. ಟವರ್ ದೂರವಿದ್ದಷ್ಟು ಕಿವಿಗೆ ಹಿಡಿದ ಫೋನು ಹೆಚ್ಚು ಶಕ್ತಿಯಲ್ಲಿ ಪ್ರಸಾರಮಾಡುತ್ತದೆ. ದೇಹಕ್ಕೆ ಹೆಚ್ಚು ತಾಗುವುದು ಅದು.

ಕೇಸಿನ ಭಯದ ಬಗ್ಗೆ: ನಿಮಗೆ ಆದದ್ದನ್ನು ಆದಂತೆಯೇ, ಸಾಕ್ಷಿಯೊಂದಿಗೆ, ಇತರರಿಗೆ ತಿಳಿಯಲೆಂದು ಬರೆದರೆ ಹೆದರಬೇಕಾಗಿಲ್ಲ. ಹಿಂದೆ ಇಂಥ ಬರಹಗಳ ಮೇಲೆ ಬಳಕೆಯಾಗುತ್ತಿದ್ದ ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಎ ಸೆಕ್ಷನ್ನನ್ನೂ, ಅದರ ಜೊತೆಗೆ ಕೇರಳ ಪೊಲೀಸ್ ಕಾಯಿದೆಯ 118(ಡಿ)ಯನ್ನೂ ಸುಪ್ರೀಂ ಕೋರ್ಟು 2015ರ ಮಾರ್ಚ್ 24ರಂದು ಒಂದೇ ತೀರ್ಪಿನಲ್ಲಿ ರದ್ದುಮಾಡಿದೆ. ಮಾನಹಾನಿಯ ಕಾನೂನು, ಈಗ ಭಾರತೀಯ ನ್ಯಾಯ ಸಂಹಿತೆಯ 356ನೆಯ ಸೆಕ್ಷನ್, ಉಳಿದಿದೆ. ಆದುದರಿಂದ ‘ಕಳ್ಳರು’, ‘ಬೇಕೆಂದೇ ಟವರ್ ಆಫ್ ಮಾಡುತ್ತಾರೆ’ ಎಂದು ಸಾಬೀತುಮಾಡಲಾಗದ್ದನ್ನು ಬರೆಯಬೇಡಿ. ರೀಚಾರ್ಜ್ ಅಂಗಡಿಯವರ ಅಥವಾ ಟವರ್ ನೋಡಿಕೊಳ್ಳುವ ಹುಡುಗರ ಹೆಸರು, ಫೋಟೋ ಹಾಕಬೇಡಿ. ನಿಜವಾದ ಅಪಾಯ ಇನ್ನೊಂದು ದಿಕ್ಕಿನಲ್ಲಿದೆ. ಬಹಿರಂಗವಾಗಿ ದೂರು ಬರೆದವರನ್ನು ಹುಡುಕಿ, ಕಂಪನಿಯ ಹೆಸರಿನ ನಕಲಿ ಖಾತೆಯಿಂದ ‘ನಂಬರು ಕೊಡಿ, ಈ ಆ್ಯಪ್ ಹಾಕಿಕೊಳ್ಳಿ, ಒಟಿಪಿ ಹೇಳಿ’ ಎನ್ನುವ ವಂಚಕರಿದ್ದಾರೆ. ಬ್ಯಾಂಕಿಗೆ ಜೋಡಿಸಿದ ನಂಬರನ್ನು ಪೋಸ್ಟಿನಲ್ಲಾಗಲಿ ಕಮೆಂಟಿನಲ್ಲಾಗಲಿ ಬರೆಯಬೇಡಿ. ನೀವು ನಂಬರು ಕೊಟ್ಟ ಖಾತೆ ಕಂಪನಿಯದ್ದೇ ಹೌದೇ ಎಂದು ಇವತ್ತೇ ಪರೀಕ್ಷಿಸಿ. ಹಣ ಹೋದರೆ ತಡಮಾಡದೆ 1930ಕ್ಕೆ ಕರೆಮಾಡಬೇಕು.

ಈಗ ದಾರಿ. 2012ರ ಗ್ರಾಹಕ ದೂರು ಪರಿಹಾರ ನಿಯಮಗಳ ಪ್ರಕಾರ ಕಂಪನಿಯ ದೂರು ಕೇಂದ್ರಕ್ಕೆ, ಸಾಮಾನ್ಯವಾಗಿ 198ಕ್ಕೆ, ಕರೆಮಾಡಿದರೆ ಅವರು ಡಾಕೆಟ್ ಸಂಖ್ಯೆ, ಅಂದರೆ ದೂರು ದಾಖಲಾದ ಸಂಖ್ಯೆ, ಕೊಡಲೇಬೇಕು. ಆ ಸಂಖ್ಯೆಯೇ ಮುಂದಿನ ಎಲ್ಲ ಮೆಟ್ಟಿಲುಗಳಿಗೆ ಆಧಾರ. ಪರಿಹಾರ ತೃಪ್ತಿಕರವಾಗದಿದ್ದರೆ 30 ದಿನಗಳೊಳಗೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಶುಲ್ಕವಿಲ್ಲದೆ ಹೋಗಬಹುದು, ಅವರು 39 ದಿನಗಳಲ್ಲಿ ತೀರ್ಮಾನಿಸಬೇಕು. ಬಹಳ ಜನ ಈ ಮೆಟ್ಟಿಲನ್ನು ಹತ್ತುವುದೇ ಇಲ್ಲ. ಕಂಪನಿಯೊಳಗೆ ಕಾಗದದ ಉತ್ತರ ಬರೆಯಬೇಕಾಗುವುದು ಇಲ್ಲಿಯೇ ಆದ್ದರಿಂದ ನನ್ನ ಅನುಭವದಲ್ಲಿ ಅತ್ಯಂತ ಪರಿಣಾಮಕಾರಿಯಾದದ್ದು ಇದು. ಆನಂತರ ಕೇಂದ್ರ ಸರ್ಕಾರದ ಸಾರ್ವಜನಿಕ ಕುಂದುಕೊರತೆ ಪೋರ್ಟಲಿನ ಮೂಲಕ ದೂರಸಂಪರ್ಕ ಇಲಾಖೆಗೆ ಬರೆಯಬಹುದು. ಸರ್ಕಾರಿ ಆನ್‌ಲೈನ್ ಸೇವೆ ಕೊಡುವ ಅಕ್ಷಯ ಕೇಂದ್ರದಲ್ಲಿ ಇದನ್ನು ಮಾಡಿಸಿಕೊಳ್ಳಬಹುದು.

ಗ್ರಾಹಕ ಆಯೋಗದ ಬಾಗಿಲು ತೆರೆದಿದೆ. 2009ರ ಒಂದು ತೀರ್ಪಿನಿಂದಾಗಿ ಟೆಲಿಗ್ರಾಫ್ ಕಾಯಿದೆಯ ನೆಪವೊಡ್ಡಿ ಫೋನಿನ ದೂರುಗಳನ್ನು ಹಿಂದಿರುಗಿಸುತ್ತಿದ್ದರು; 2022ರ ಫೆಬ್ರವರಿ 16ರಂದು ಸುಪ್ರೀಂ ಕೋರ್ಟು ಗ್ರಾಹಕ ಆಯೋಗಗಳಿಗೆ ಈ ಅಧಿಕಾರವಿದೆಯೆಂದು ನಿರ್ಣಯಿಸಿತು. ನೀವು ವಾಸಿಸುವ ಜಿಲ್ಲೆಯ ಆಯೋಗದಲ್ಲೇ, ಅಂದರೆ ಕಾಸರಗೋಡಿನಲ್ಲೇ, ತೊಂದರೆಯಾದ ಎರಡು ವರ್ಷಗಳೊಳಗೆ ದೂರು ಕೊಡಬಹುದು. ಪಾವತಿಸಿದ ಮೊತ್ತ 5 ಲಕ್ಷ ರೂಪಾಯಿಯೊಳಗಿದ್ದರೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ. ಆದರೆ ಅಲ್ಲಿ ನಿರೀಕ್ಷಿಸಬಹುದಾದದ್ದು ಹಣ ವಾಪಸು, ಸ್ವಲ್ಪ ಪರಿಹಾರ, ಖರ್ಚು. ಕಾಲ ಹಿಡಿಯುತ್ತದೆ, ಟವರ್ ಕಟ್ಟಿಸಿಕೊಡುವ ಜಾಗ ಅದಲ್ಲ.

ಪೋರ್ಟ್ ಮಾಡುವುದು, ಅಂದರೆ ಅದೇ ನಂಬರನ್ನು ಇಟ್ಟುಕೊಂಡು ಬೇರೆ ಕಂಪನಿಗೆ ಹೋಗುವುದು, ಸರಳವಾಗಿ ಕಾಣುವ ಪರಿಹಾರ. 1900ಕ್ಕೆ ಸಂದೇಶ ಕಳುಹಿಸಿದರೆ ಬರುವ ಕೋಡ್ ನಾಲ್ಕು ದಿನ ಚಾಲ್ತಿಯಲ್ಲಿರುತ್ತದೆ; ಒಂದೇ ವಲಯದೊಳಗೆ ಮೂರು ಕೆಲಸದ ದಿನ, ಮಂಗಳೂರಿನ ನಂಬರನ್ನು ಕೇರಳಕ್ಕೆ ತರಲು ಐದು ದಿನ ಬೇಕು. ಆದರೆ ಪೋರ್ಟ್ ಆದ ಮೇಲೆ 90 ದಿನ ಅಲ್ಲಿಯೇ ಉಳಿಯಬೇಕು. ಹೊಸ ಕಂಪನಿಯ ಆಂಟೆನಾ ಅದೇ ಟವರ್‌ನಲ್ಲಿದ್ದು ಅದೇ ಬ್ಯಾಟರಿಯನ್ನು ನೆಚ್ಚಿಕೊಂಡಿದ್ದರೆ ನೀವು ಎಲ್ಲಿಗೂ ತಲಪಿದಂತಾಗುವುದಿಲ್ಲ. ಕಂಪನಿಗಳು ತಮ್ಮ ಜಾಲತಾಣದಲ್ಲಿ ವ್ಯಾಪ್ತಿಯ ನಕ್ಷೆ ಪ್ರಕಟಿಸುವುದು ಈಗ ಕಡ್ಡಾಯ. ಅದನ್ನು ನೋಡಿ, ಆಮೇಲೆ ಆ ಕಂಪನಿಯ ಸಿಮ್ ಇರುವ ನೆಂಟರನ್ನು ಒಂದು ದಿನ ಮನೆಗೆ ಕರೆದು ಅಡಿಗೆಮನೆಯಲ್ಲಿ, ಕರೆಂಟು ಹೋದಾಗ, ಹೇಗಿದೆ ನೋಡಿ. ಮನೆಗೆ ಫೈಬರ್ ಸಂಪರ್ಕ ಬರುವಂತಿದ್ದರೆ, ಸ್ಥಳೀಯ ಕೇಬಲಿನವರ ಮೂಲಕವಾಗಲಿ ಕೇರಳ ಸರ್ಕಾರದ ಕೆ-ಫೋನ್ ಇಂಟರ್ನೆಟ್ ಆಗಲಿ, ವೈಫೈ ಕಾಲಿಂಗ್ ನಿಮಗೆ ನಾನು ಮೊದಲು ಸೂಚಿಸುವ ಪರಿಹಾರ: ಅದೇ ನಂಬರಿನಲ್ಲಿ ಕರೆ ಬರುತ್ತದೆ, ಬೇರೆ ದುಡ್ಡಿಲ್ಲ, ಹೆಚ್ಚಿನ ಫೋನುಗಳಲ್ಲಿ ಒಟಿಪಿ ಸಂದೇಶವೂ ಬರುತ್ತದೆ. ರೌಟರಿಗೆ ಸಣ್ಣ ಇನ್ವರ್ಟರ್ ಇಲ್ಲದಿದ್ದರೆ ಕರೆಂಟು ಹೋದಾಗ ಅದೂ ನಿಲ್ಲುತ್ತದೆ.

ಊರಿನ ಮಟ್ಟದಲ್ಲಿ ಮಾಡಬೇಕಾದದ್ದು ಇದಕ್ಕಿಂತ ದೊಡ್ಡದು. ನಿಮ್ಮ ಪೋಸ್ಟಿಗೆ ಉತ್ತರಿಸಿದವರಲ್ಲಿ ಅದೇ ಕಣಿವೆಯ ಹತ್ತು ಮನೆಯವರು ತಮ್ಮ ತಮ್ಮ ನಂಬರಿನಿಂದ ಡಾಕೆಟ್ ಸಂಖ್ಯೆ ಪಡೆಯಲಿ. ಆ ಸಂಖ್ಯೆಗಳು, ಮನೆಯ ಸ್ಥಳ, ದಿನ, ಹೊತ್ತು, ಡಿಬಿಎಂ ಅಳತೆ ಒಂದೇ ಹಾಳೆಯಲ್ಲಿ ಬರಲಿ. ವಾರ್ಡ್ ಸದಸ್ಯರ ಮೂಲಕ ಅದನ್ನು ಗ್ರಾಮಸಭೆಯಲ್ಲಿಟ್ಟು ಪಂಚಾಯತಿನಿಂದ ನಿರ್ಣಯ ಮಾಡಿಸಿ, ಜಿಲ್ಲಾಧಿಕಾರಿಗೂ ದೂರಸಂಪರ್ಕ ಇಲಾಖೆಯ ಕೇರಳ ವಲಯ ಕಚೇರಿಗೂ ಕಳುಹಿಸಿ. ಅರ್ಜಿ ಕನ್ನಡದಲ್ಲಿರಲಿ: ಕೇಂದ್ರದ ಅಥವಾ ರಾಜ್ಯದ ಯಾವುದೇ ಅಧಿಕಾರಿಗೆ ಅಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಹವಾಲು ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೆಯ ವಿಧಿ ಕೊಟ್ಟಿದೆ. ಖಾಸಗಿ ಕಂಪನಿಗೆ ಅದು ಅನ್ವಯಿಸದು, ಆದ್ದರಿಂದ ಕಂಪನಿಯ ಪ್ರತಿಯೊಂದಿಗೆ ಇಂಗ್ಲಿಷ್ ಪುಟವೊಂದನ್ನು ಇಟ್ಟರೆ ಒಳ್ಳೆಯದು.

ಇಷ್ಟಾದ ಮೇಲೆ ಜಾಲತಾಣದಲ್ಲಿ ಬರೆಯಿರಿ, ಆಗ ಅದಕ್ಕೆ ಬಲವಿರುತ್ತದೆ. ಬರಹ ಈ ರೀತಿ ಇರಲಿ: ‘ಎಣ್ಮಕಜೆ ಪಂಚಾಯತಿನ ಇಂಥ ವಾರ್ಡಿನ ಇಂಥ ಶಾಲೆಯ ಸಮೀಪ, ಇಂಥ ದಿನಾಂಕದಿಂದ, ವಿದ್ಯುತ್ ಕಡಿತವಾಗಿ 20 ನಿಮಿಷಗಳೊಳಗೆ 4ಜಿ ಮತ್ತು 2ಜಿ ಎರಡೂ ನಿಲ್ಲುತ್ತವೆ, ವಿದ್ಯುತ್ ಬಂದ ಮೇಲೆ ಮರಳುತ್ತವೆ. ಹತ್ತು ಮನೆಗಳಿಂದ ದೂರು ಕೊಡಲಾಗಿದೆ. ಟವರ್‌ನ ಬ್ಯಾಟರಿಯನ್ನು ಪರೀಕ್ಷಿಸಿ ತಿಳಿಸಬೇಕು.’ ಡಾಕೆಟ್ ಸಂಖ್ಯೆಗಳನ್ನು ಕಂಪನಿಯ ದೃಢೀಕೃತ ಖಾತೆಗೆ ಖಾಸಗಿ ಸಂದೇಶದಲ್ಲಿ ಕಳುಹಿಸಿ, ಬಂದ ಉತ್ತರಗಳ ಸ್ಕ್ರೀನ್‌ಶಾಟ್ ದಿನಾಂಕ ಸಹಿತ ಇಟ್ಟುಕೊಳ್ಳಿ.

ತುರ್ತಾಗಿ ಒಂದು ಕೆಲಸವಿದೆ. ‘ಬಗೆಹರಿಸಲಾಗಿದೆ’ ಎಂಬ ಸಂದೇಶ ಬಂದು ಮೂರು ವಾರವಾಯಿತೆಂದು ಬರೆದಿದ್ದೀರಿ. ಮೇಲ್ಮನವಿಯ 30 ದಿನಗಳಲ್ಲಿ ಉಳಿದಿರುವುದು ಒಂದು ವಾರದಷ್ಟು ಮಾತ್ರ. ಆ ಸಂದೇಶದಲ್ಲಿರುವ ಡಾಕೆಟ್ ಸಂಖ್ಯೆಯನ್ನು ತೆಗೆದು, ಕಂಪನಿಯ ಜಾಲತಾಣದಲ್ಲಿ ಕೇರಳ ವಲಯದ ಮೇಲ್ಮನವಿ ಪ್ರಾಧಿಕಾರದ ಇ-ಮೇಲ್ ವಿಳಾಸ ನೋಡಿ, ಮೇಲಿನ ಬರಹವನ್ನೇ ಈ ವಾರದೊಳಗೆ ಕಳುಹಿಸಿ. ಅವಧಿ ಮುಗಿದುಹೋಗಿದ್ದರೆ 198ಕ್ಕೆ ಹೊಸ ದೂರು ಕೊಟ್ಟು, ಹೊಸ ಸಂಖ್ಯೆಯಿಂದ ಆರಂಭಿಸಿ.